ಮೊದಲು ಸಾಲನ್ನು ಓದಲು ಕಲಿಸೋಣ: ಸಿ ಭಾಷೆಯ ಅಧ್ಯಾಪಕರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಮತ್ತು ಬಿಸಿಎ ಕಾಲೇಜುಗಳಲ್ಲಿ ಸಿ ಭಾಷೆ ಕಲಿಸುತ್ತಿರುವ ಎಲ್ಲ ಅಧ್ಯಾಪಕರಿಗೆ,

ಮೊದಲ ವರ್ಷದ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ಪ್ರತಿ ಬ್ಯಾಚಿನವರೂ ತರುವ ಎರಡು ದೂರುಗಳು ನಿಮಗೆಲ್ಲ ಗೊತ್ತು. ಒಂದು, “ಸರ್, ಅಕ್ಷರ ಕೇಳಲೇ ಇಲ್ಲ, ತಾನೇ ಮುಂದಕ್ಕೆ ಹೋಗಿಬಿಡ್ತು.” ಇನ್ನೊಂದು, “ಮೇಡಂ, ನಿಲ್ತಾನೇ ಇಲ್ಲ, ಒಂದೇ ಸಾಲು ಪ್ರಿಂಟ್ ಆಗ್ತಾನೇ ಇದೆ.” ಇವಕ್ಕೆ ಬಹುತೇಕ ಲ್ಯಾಬುಗಳಲ್ಲಿ ಸಿಗುವ ಪರಿಹಾರವೂ ಗೊತ್ತಿರುವುದೇ: ಸ್ಕ್ಯಾನ್‌ಎಫ್ ಕೆಳಗೆ ಎಫ್‌ಫ್ಲಶ್ ಎಸ್‌ಟಿಡಿಇನ್ ಎಂದೊಂದು ಸಾಲು ಸೇರಿಸುವುದು. ಆ ಸಾಲು ರೆಕಾರ್ಡ್ ಪುಸ್ತಕದಿಂದ ರೆಕಾರ್ಡ್ ಪುಸ್ತಕಕ್ಕೆ, ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ನಕಲಾಗುತ್ತ ಬಂದಿದೆ. ಅದನ್ನು ನಮ್ಮ ಲ್ಯಾಬ್ ಮ್ಯಾನ್ಯುಯಲ್‌ಗಳಿಂದ ತೆಗೆದುಹಾಕಿ, ಕೀಲಿಮಣೆಯಿಂದ ಮಾಹಿತಿ ಪಡೆಯುವುದನ್ನು ಬೇರೆಯದೇ ಕ್ರಮದಲ್ಲಿ ಕಲಿಸಬೇಕು ಎಂದು ಕೇಳಿಕೊಳ್ಳಲು ಈ ಪತ್ರ. ಮನುಷ್ಯ ಕೀಲಿಮಣೆಯಲ್ಲಿ ಕೊಡುವುದು ಸಾಲುಸಾಲಾಗಿ. ಹಾಗಾಗಿ ಪ್ರೋಗ್ರಾಮೂ ಮೊದಲು ಇಡೀ ಸಾಲನ್ನು ಪಡೆದುಕೊಂಡು, ಆಮೇಲೆ ಅದರೊಳಗೆ ಏನಿದೆ ಎಂದು ನೋಡಬೇಕು. ನನ್ನ ವಾದ ಇಷ್ಟೇ. ಮೇಲಿನ ಎರಡೂ ದೂರುಗಳು ಹುಟ್ಟುವುದು ಈ ಕ್ರಮ ತಪ್ಪಿದಾಗ.

ಒಳಗೆ ನಡೆಯುವುದನ್ನು ಒಮ್ಮೆ ನಿಧಾನವಾಗಿ ನೋಡೋಣ. ಪ್ರೋಗ್ರಾಮ್ ವಯಸ್ಸು ಕೇಳುತ್ತದೆ. ವಿದ್ಯಾರ್ಥಿ 2 ಒತ್ತುತ್ತಾನೆ, 5 ಒತ್ತುತ್ತಾನೆ. ಇಷ್ಟು ಹೊತ್ತಿಗೆ ಪ್ರೋಗ್ರಾಮಿಗೆ ಏನೂ ತಲುಪಿರುವುದಿಲ್ಲ. ಒತ್ತಿದ್ದನ್ನೆಲ್ಲ ಆಪರೇಟಿಂಗ್ ಸಿಸ್ಟಂನ ಟರ್ಮಿನಲ್ ವಿಭಾಗ ತನ್ನ ಬಳಿಯೇ ಇಟ್ಟುಕೊಂಡಿರುತ್ತದೆ; ಬ್ಯಾಕ್‌ಸ್ಪೇಸ್ ಒತ್ತಿ ತಿದ್ದಲು ಬರುವುದು ಅದರಿಂದಲೇ. ಎಂಟರ್ ಒತ್ತಿದ ಮೇಲೆಯೇ ಮೂರು ಬೈಟುಗಳು ಒಟ್ಟಿಗೆ ಹೊರಡುತ್ತವೆ: ‘2’ ಅಕ್ಷರದ ಸಂಕೇತ 50, ‘5’ ಅಕ್ಷರದ ಸಂಕೇತ 53, ಕೊನೆಗೆ ಹೊಸ ಸಾಲಿನ ಸಂಕೇತ 10. ಪರ್ಸೆಂಟ್ ಡಿ ಕೊಟ್ಟ ಸ್ಕ್ಯಾನ್‌ಎಫ್ ಅಂಕಿಗಳನ್ನು ತೆಗೆದುಕೊಳ್ಳುತ್ತದೆ, ಅಂಕಿಯಲ್ಲದ್ದು ಎದುರಾದ ಕೂಡಲೇ ನಿಲ್ಲುತ್ತದೆ, ಎದುರಾದದ್ದನ್ನು ಅಲ್ಲೇ ಬಿಡುತ್ತದೆ. ಹಾಗಾಗಿ 10 ಎಂಬ ಬೈಟು ಬಫರಿನಲ್ಲೇ ಉಳಿಯಿತು. ಮುಂದಿನ ಸಾಲಿನಲ್ಲಿ ಲಿಂಗ ಸೂಚಿಸುವ ಒಂದು ಅಕ್ಷರವನ್ನು ಪರ್ಸೆಂಟ್ ಸಿ ಮೂಲಕ ಕೇಳಿದ್ದರೆ, ಅದಕ್ಕೆ ಸಿಗುವುದು ಈ 10. ಹೊಸ ಸಾಲಿನ ಸಂಕೇತವೂ ಒಂದು ಅಕ್ಷರವೇ, ಪರ್ಸೆಂಟ್ ಸಿ ಅದನ್ನು ಬೇಡ ಎನ್ನುವುದಿಲ್ಲ. ಕಂಪ್ಯೂಟರ್ ಅಕ್ಷರ ಕೇಳದೆ ಮುಂದೆ ಹೋಯಿತು ಎಂದು ವಿದ್ಯಾರ್ಥಿಗೆ ಅನ್ನಿಸುತ್ತದೆ. ಅದು ಕೇಳಿತ್ತು, ಉತ್ತರವೂ ಆಗಲೇ ಸಿಕ್ಕಿತ್ತು. ಇಲ್ಲಿ ಯಂತ್ರದ ದೋಷ ಇಲ್ಲ, ಕಂಪೈಲರಿನ ದೋಷವೂ ಇಲ್ಲ. ಇಷ್ಟನ್ನು ಬೋರ್ಡಿನ ಮೇಲೆ ಮೂರು ಚೌಕ ಬರೆದು ತೋರಿಸಿದರೆ ಮೊದಲ ವರ್ಷದ ಯಾವ ವಿದ್ಯಾರ್ಥಿಗೂ ಅರ್ಥವಾಗುತ್ತದೆ. ಎಫ್‌ಫ್ಲಶ್ ಸಾಲು ಸೇರಿಸಿ ಮುಂದೆ ಹೋದರೆ ಈ ತಿಳಿವಳಿಕೆಗೆ ಅವಕಾಶವೇ ಸಿಗುವುದಿಲ್ಲ.

ಇನ್ನು ಆ ಸಾಲಿನ ವಿಷಯ. ಸಿ ಭಾಷೆಯ ಅಧಿಕೃತ ಮಾನದಂಡ 1989ರಲ್ಲಿ ಅಮೆರಿಕದಲ್ಲಿ, 1990ರಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿತವಾಯಿತು. ಅಂದಿನಿಂದ ಇಂದಿನವರೆಗೆ ಎಫ್‌ಫ್ಲಶ್ ಎಂಬ ಫಂಕ್ಷನ್ನಿಗೆ ಅದು ಕೊಟ್ಟಿರುವ ಕೆಲಸ ಹೊರಹೋಗಬೇಕಾದ ಮಾಹಿತಿಯನ್ನು ಹೊರಕ್ಕೆ ಕಳಿಸುವುದು. ಒಳಬರುವ ಹರಿವಿನ ಮೇಲೆ ಅದನ್ನು ಪ್ರಯೋಗಿಸಿದರೆ ಏನಾಗುತ್ತದೆ ಎಂಬುದನ್ನು ಮಾನದಂಡ ಹೇಳಿಯೇ ಇಲ್ಲ. ಬೋರ್ಲೆಂಡ್ ಕಂಪನಿಯ ಟರ್ಬೊ ಸಿ ಕಾಲದ ಕೆಲವು ಕಂಪೈಲರುಗಳು ತಮ್ಮ ಇಷ್ಟದಂತೆ ಅದಕ್ಕೊಂದು ಅರ್ಥ ಕೊಟ್ಟು, ಬಫರಿನಲ್ಲಿ ಉಳಿದದ್ದನ್ನು ಎಸೆಯುತ್ತಿದ್ದವು. ಅದೇ ಪ್ರೋಗ್ರಾಮನ್ನು ಲಿನಕ್ಸಿನಲ್ಲಿ ಜಿಸಿಸಿ ಬಳಸಿ ಕಂಪೈಲ್ ಮಾಡಿ ಕೀಲಿಮಣೆಯಿಂದ ಮಾಹಿತಿ ಕೊಡಿ: ಎಫ್‌ಫ್ಲಶ್ ಸಾಲು ಇದ್ದರೂ ಹೊಸ ಸಾಲಿನ ಸಂಕೇತ ಇದ್ದಲ್ಲೇ ಇರುತ್ತದೆ, ಹಳೆಯ ದೂರು ಮತ್ತೆ ಬರುತ್ತದೆ. ನಮ್ಮ ಎಷ್ಟೋ ಕಾಲೇಜುಗಳ ಲ್ಯಾಬುಗಳು ಈಗ ಲಿನಕ್ಸಿಗೆ ಬಂದಿವೆ. ಮ್ಯಾನ್ಯುಯಲ್ ಮಾತ್ರ ಡಾಸ್ ಕಾಲದಲ್ಲೇ ಉಳಿದಿದೆ. ವಿದ್ಯಾರ್ಥಿ ಮನೆಯ ಲ್ಯಾಪ್‌ಟಾಪಿನಲ್ಲಿ ಒಂದು ಫಲಿತಾಂಶ, ಲ್ಯಾಬಿನಲ್ಲಿ ಇನ್ನೊಂದು ಫಲಿತಾಂಶ ಕಂಡು, ಸಿ ಭಾಷೆಯೇ ನಂಬಲಾಗದ್ದು ಎಂಬ ತೀರ್ಮಾನಕ್ಕೆ ಬರುತ್ತಾನೆ. ಕಾರಣ ತಿಳಿಯದೆ ಪರಿಹಾರ ಕೊಟ್ಟ ಕಲಿಕೆಯಿಂದ ಆಗುವ ದೊಡ್ಡ ನಷ್ಟ ಇದು.

ಪರ್ಸೆಂಟ್ ಸಿ ಹಿಂದೆ ಒಂದು ಖಾಲಿ ಜಾಗ ಬಿಟ್ಟರೆ ಸಾಕಲ್ಲ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಆ ಖಾಲಿ ಜಾಗ ಉಳಿದಿರುವ ಸ್ಪೇಸು, ಹೊಸ ಸಾಲುಗಳನ್ನೆಲ್ಲ ದಾಟಿಸುತ್ತದೆ, ಮಾನದಂಡಕ್ಕೂ ಒಪ್ಪಿತ. ಮೊದಲ ದೂರಿಗೆ ಅದು ಸರಿಯಾದ ಪರಿಹಾರವೇ. ಎರಡನೆಯ ದೂರಿಗೆ ಅದು ನಾಟುವುದಿಲ್ಲ. ಮೆನು ಇರುವ ಪ್ರೋಗ್ರಾಮಿನಲ್ಲಿ 1, 2, 3ರ ಬದಲು ಯಾರೋ ‘ಎ’ ಒತ್ತಿದರು ಎನ್ನಿ. ಪರ್ಸೆಂಟ್ ಡಿ ಆ ಅಕ್ಷರವನ್ನು ನೋಡಿ, ತನ್ನದಲ್ಲ ಎಂದು ಅಲ್ಲೇ ಬಿಟ್ಟು, ಸೊನ್ನೆಯನ್ನು ಹಿಂದಿರುಗಿಸುತ್ತದೆ. ಒಂದೂ ಮೌಲ್ಯ ಓದಲಾಗಲಿಲ್ಲ ಎಂದು ಆ ಸೊನ್ನೆ ಹೇಳುತ್ತಿದೆ. ಪ್ರೋಗ್ರಾಮ್ ಅದನ್ನು ಕೇಳಿಸಿಕೊಳ್ಳದೆ ಲೂಪಿನಲ್ಲಿ ಮತ್ತೆ ಓದಲು ಹೋಗುತ್ತದೆ. ಅದೇ ಅಕ್ಷರ ಅಲ್ಲೇ ಕಾದಿರುತ್ತದೆ. ಹೀಗೆ ಮೆನು ಸಾವಿರಾರು ಸಲ ಪರದೆಯ ಮೇಲೆ ಓಡುತ್ತದೆ. ಸ್ಕ್ಯಾನ್‌ಎಫ್ ಒಂದು ಮೌಲ್ಯವನ್ನು ಹಿಂದಿರುಗಿಸುತ್ತದೆ ಎಂಬ ಮಾತೇ ನಮ್ಮ ಎಷ್ಟೋ ತರಗತಿಗಳಲ್ಲಿ ಬರುವುದಿಲ್ಲ. ವೈವಾದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದು.

ಹೆಸರು ಓದುವಲ್ಲಿ ತೊಂದರೆ ಇನ್ನೂ ಹೆಚ್ಚು, ಅದೂ ನಮ್ಮ ಕಡೆಯ ಹೆಸರುಗಳಿಗೆ. ವಿದ್ಯಾರ್ಥಿ ವಿವರದ ಪ್ರೋಗ್ರಾಮ್ ಯಾವ ಮ್ಯಾನ್ಯುಯಲ್‌ನಲ್ಲಿ ಇಲ್ಲ? ಹೆಸರು, ವಯಸ್ಸು, ಊರು ಎಂಬ ಕ್ರಮದಲ್ಲಿ ಕೇಳುತ್ತದೆ. ಇನಿಷಿಯಲ್ ಸೇರಿಸಿ ‘ಕೆ. ರಮೇಶ್’ ಎಂದು ಟೈಪ್ ಮಾಡಿದರೆ ಪರ್ಸೆಂಟ್ ಎಸ್ ಖಾಲಿ ಜಾಗದಲ್ಲಿ ನಿಲ್ಲುತ್ತದೆ. ಹೆಸರು ‘ಕೆ.’ ಆಯಿತು. ವಯಸ್ಸು ಓದಲು ಹೊರಟ ಪರ್ಸೆಂಟ್ ಡಿಗೆ ‘ರಮೇಶ್’ ಎದುರಾಗಿ ಅದು ಸೋಲುತ್ತದೆ. ವಯಸ್ಸಿನ ಜಾಗದಲ್ಲಿ ಮೆಮೊರಿಯಲ್ಲಿ ಮೊದಲೇ ಬಿದ್ದಿದ್ದ ಯಾವುದೋ ಸಂಖ್ಯೆ ಉಳಿಯುತ್ತದೆ. ಊರು ‘ರಮೇಶ್’ ಎಂದು ದಾಖಲಾಗುತ್ತದೆ. ಕೀಲಿಮಣೆಯ ಮುಂದೆ ಕುಳಿತವನು ಒಂದೇ ಒಂದು ಸಾಲು ಕೊಟ್ಟಿದ್ದಾನೆ, ಅದೂ ಸರಿಯಾಗಿಯೇ. ಮೂರು ಕಾಲಂಗಳು ಕೆಟ್ಟಿವೆ.

ಇದಕ್ಕೆ ಮದ್ದು ಎಂದು ಗೆಟ್ಸ್ ಕಲಿಸುವ ರೂಢಿ ಇನ್ನೂ ಕೆಲವೆಡೆ ಇದೆ. ಅದು ಇಡೀ ಸಾಲನ್ನು ಓದುತ್ತದೆ ನಿಜ, ಆದರೆ ಅರೇಯಲ್ಲಿ ಎಷ್ಟು ಜಾಗ ಇದೆ ಎಂದು ಅದಕ್ಕೆ ಹೇಳುವ ದಾರಿಯೇ ಇಲ್ಲ. 1988ರ ನವೆಂಬರ್ 2ರಂದು ಇಂಟರ್ನೆಟ್ಟಿನಲ್ಲಿ ಹರಡಿದ ಮೋರಿಸ್ ವರ್ಮ್ ನುಗ್ಗಿದ ದಾರಿಗಳಲ್ಲಿ ಇದೂ ಒಂದು. ಬರ್ಕ್ಲಿ ಯುನಿಕ್ಸಿನ ಫಿಂಗರ್ ಸೇವೆ 512 ಬೈಟಿನ ಬಫರಿಗೆ ಗೆಟ್ಸ್ ಮೂಲಕ ಓದುತ್ತಿತ್ತು. ವರ್ಮ್ 536 ಬೈಟು ಕಳಿಸಿ, ಹೆಚ್ಚಾದ ಬೈಟುಗಳಿಂದ ಆ ಯಂತ್ರದ ನಿಯಂತ್ರಣವನ್ನೇ ತನ್ನ ಕೈಗೆ ತೆಗೆದುಕೊಂಡಿತು. ಇಷ್ಟಾದರೂ ಗೆಟ್ಸ್ ಮಾನದಂಡದಿಂದ ಹೊರಬಿದ್ದದ್ದು 2011ರಲ್ಲಿ. ಭಾಷೆಯಿಂದಲೇ ತೆಗೆದುಹಾಕಿದ ಫಂಕ್ಷನ್ನನ್ನು ಇನ್ನೂ ರೆಕಾರ್ಡಿನಲ್ಲಿ ಬರೆಸುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುತ್ತಿಲ್ಲ. ಅಗಲ ನಮೂದಿಸದ ಪರ್ಸೆಂಟ್ ಎಸ್ ಕೂಡ ಇದೇ ಅಪಾಯವನ್ನು ಹೊತ್ತಿದೆ ಎಂಬುದನ್ನು ಮರೆಯಬಾರದು. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದು ಇನ್ನಷ್ಟು ಬೇಗ ತಟ್ಟುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು. ಒತ್ತಾಗುವ ವ್ಯಂಜನ, ಗುಣಿತದ ಚಿಹ್ನೆ, ವಿರಾಮ (ಹಲಂತ) ಎಲ್ಲವೂ ಬೇರೆ ಬೇರೆ ಸಂಕೇತಗಳು. ‘ಶ್ರೀನಿವಾಸ’ ಎಂದು ಬರೆಯಲು ಒಂಬತ್ತು ಸಂಕೇತ, 27 ಬೈಟು, ಕೊನೆಯ ಸೊನ್ನೆ ಸೇರಿದರೆ 28. ಮ್ಯಾನ್ಯುಯಲ್‌ಗಳಲ್ಲಿ ಹೆಸರಿಗೆಂದು ಇಡುವ 20ರ ಅರೇ ಆ ಒಂದೇ ಹೆಸರಿಗೆ ತುಂಬಿ ಆಚೆ ಚೆಲ್ಲುತ್ತದೆ.

ಸ್ಕ್ಯಾನ್‌ಎಫ್ ಹಿಂದಿರುಗಿಸಿದ್ದನ್ನು ನೋಡಿದರೂ ಸಿಕ್ಕಿಬೀಳದ ತಪ್ಪು ಒಂದಿದೆ. ಮೊಬೈಲ್ ಸಂಖ್ಯೆಯನ್ನು ಇಂಟ್ ಆಗಿ ಓದಿಸುವ ಪ್ರೋಗ್ರಾಮುಗಳನ್ನು ಗಮನಿಸಿ. 32 ಬಿಟ್ಟಿನ ಇಂಟ್ ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ 2147483647. ನಮ್ಮ ದೇಶದ ಮೊಬೈಲ್ ಸಂಖ್ಯೆಗಳು ಹತ್ತಂಕಿಯವು, 6ರಿಂದ 9ರವರೆಗಿನ ಅಂಕಿಯಿಂದ ಶುರುವಾಗುವಂಥವು. ಅವುಗಳಲ್ಲಿ ಒಂದೂ ಇಂಟ್‌ನಲ್ಲಿ ಹಿಡಿಸುವುದಿಲ್ಲ. ಹತ್ತು ಸಲ ಒಂಬತ್ತು ಒತ್ತಿ ನೋಡಿ: 64 ಬಿಟ್ಟಿನ ಲಿನಕ್ಸಿನಲ್ಲಿ 1410065407 ಎಂಬ ಸಂಖ್ಯೆ ಸಿಗುತ್ತದೆ, ಒಂದು ಮೌಲ್ಯ ಸರಿಯಾಗಿ ಓದಿದೆ ಎಂದು ಸ್ಕ್ಯಾನ್‌ಎಫ್ ವರದಿಯನ್ನೂ ಒಪ್ಪಿಸುತ್ತದೆ. ಹಿಡಿಸದ ಸಂಖ್ಯೆ ಬಂದಾಗ ಏನು ಮಾಡಬೇಕೆಂದು ಮಾನದಂಡ ಸ್ಕ್ಯಾನ್‌ಎಫ್‌ಗೆ ವಿಧಿಸಿಲ್ಲ. ಮೊಬೈಲ್ ಸಂಖ್ಯೆಯನ್ನು ಕೂಡುವುದಿಲ್ಲ, ಕಳೆಯುವುದಿಲ್ಲ, ಅದನ್ನು ಅಕ್ಷರಗಳ ಸಾಲಾಗಿಯೇ ಇಡಬೇಕು ಎಂಬುದು ಬೇರೆ ಪಾಠ. ಆದರೆ ಬ್ಯಾಂಕಿನ ಮೊತ್ತಕ್ಕೋ ಸರ್ವೆ ಅಳತೆಗೋ ಇದೇ ಆಗಬಹುದಲ್ಲ?

ಹಾಗಾದರೆ ಹೇಗೆ ಕಲಿಸಬೇಕು? ಎಫ್‌ಗೆಟ್ಸ್ ಮೂಲಕ ಇಡೀ ಸಾಲನ್ನು ಸಾಕಷ್ಟು ದೊಡ್ಡ ಅರೇಗೆ ಓದಿಸಿ, 256 ಇರಲಿ. ಅರೇಯ ಗಾತ್ರವನ್ನು ಅದಕ್ಕೆ ಹೇಳಲೇಬೇಕು ಎಂಬುದೇ ಅದರ ಗುಣ. ಅದು ನಲ್ ಕೊಟ್ಟರೆ ಮಾಹಿತಿ ಮುಗಿದಿದೆ ಅಥವಾ ಓದುವಾಗಲೇ ದೋಷ ಬಂದಿದೆ, ಅಲ್ಲಿಗೆ ನಿಲ್ಲಿಸಬೇಕು. ಸಾಲಿನ ಕೊನೆಯಲ್ಲಿ ಹೊಸ ಸಾಲಿನ ಸಂಕೇತ ಇದೆಯೇ ಎಂದು ನೋಡಬೇಕು: ಇದ್ದರೆ ಪೂರ್ತಿ ಸಾಲು ಬಂದಿದೆ, ಅದನ್ನು ಅಳಿಸಿದರೆ ಶುದ್ಧ ಹೆಸರು ಕೈಗೆ ಸಿಗುತ್ತದೆ. ಇಲ್ಲದಿದ್ದರೆ ಸಾಲು ಜಾಗಕ್ಕಿಂತ ಉದ್ದ ಇತ್ತು. ಗೆಟ್‌ಚಾರ್ ಮೂಲಕ ಮಿಕ್ಕದ್ದನ್ನು ಹೊಸ ಸಾಲು ಅಥವಾ ಇಒಎಫ್ ಬರುವವರೆಗೆ ಓದಿ ಬಿಟ್ಟು, ಬಳಕೆದಾರರಿಗೆ ಹೇಳಿ ಮತ್ತೆ ಕೇಳಬೇಕು. ಗೆಟ್‌ಚಾರ್ ಕೊಟ್ಟದ್ದನ್ನು ಇಂಟ್‌ನಲ್ಲೇ ಇಡಬೇಕು. ಚಾರ್‌ನಲ್ಲಿ ಇಟ್ಟರೆ, ಚಾರ್ ಋಣ ಮೌಲ್ಯ ಹಿಡಿಯದ ಯಂತ್ರಗಳಲ್ಲಿ ಇಒಎಫ್ ಎಂದೂ ಗುರುತು ಸಿಗದೆ ಲೂಪು ನಿಲ್ಲುವುದಿಲ್ಲ. ಸಂಖ್ಯೆ ಬೇಕಾದಾಗ ಆ ಸಾಲನ್ನು ಸ್ಟ್ರ್‌ಟಾಲ್‌ಗೆ ಕೊಡಬೇಕು. ಅದು ಸಂಖ್ಯೆಯ ಜೊತೆಗೆ ಎಲ್ಲಿಯವರೆಗೆ ಓದಿದೆ ಎಂಬುದನ್ನೂ ತಿಳಿಸುತ್ತದೆ. ಇದ್ದಲ್ಲೇ ಇದ್ದರೆ ಅಂಕಿಯೇ ಇರಲಿಲ್ಲ. ಮುಂದೆ ಬೇರೇನೋ ಉಳಿದಿದ್ದರೆ ‘25ಎ’ಯಂಥದ್ದು ಬಂದಿದೆ. ಸಂಖ್ಯೆ ಲಾಂಗ್‌ಗೂ ಹಿಡಿಸದಷ್ಟು ದೊಡ್ಡದಾದರೆ ಎರ್‌ನೊ ಎಂಬ ಚಲಕದಲ್ಲಿ ಅದು ಗೊತ್ತಾಗುತ್ತದೆ. ಕರೆಯುವ ಮೊದಲು ಅದನ್ನು ಸೊನ್ನೆ ಮಾಡಿರಬೇಕು ಅಷ್ಟೆ. 64 ಬಿಟ್ಟಿನ ಲಿನಕ್ಸಿನಲ್ಲಿ ಲಾಂಗ್ 64 ಬಿಟ್ಟು, ವಿಂಡೋಸಿನಲ್ಲಿ 32 ಬಿಟ್ಟು, ಆದ್ದರಿಂದ ಇಂಟ್‌ನ ಮಿತಿಯೊಳಗಿದೆಯೇ ಎಂದು ಒಮ್ಮೆ ಹೋಲಿಸುವುದೂ ಅಗತ್ಯ. ಈ ಕ್ರಮದಲ್ಲಿ ಎಂಟರ್ ಎಂಬುದು ಪ್ರತಿ ಸಲವೂ ಸಾಲಿನ ಜೊತೆಗೇ ಬಂದು ಸಾಲಿನ ಜೊತೆಗೇ ಹೋಗುತ್ತದೆ. ಒಂದು ಉತ್ತರ ತಪ್ಪಾದರೆ ಆ ಸಾಲು ಮಾತ್ರ ಬಿಸಾಡಿದಂತೆ. ಮುಂದಿನ ಪ್ರಶ್ನೆಗೆ ಅದರ ಸೋಂಕು ತಗಲುವುದಿಲ್ಲ.

ಹೊಸಬರಿಗೆ ಇದು ಭಾರವಾಯಿತು, ಅರೇ ಪಾಯಿಂಟರುಗಳ ಪಾಠ ಬರುವ ಮೊದಲೇ ಎಫ್‌ಗೆಟ್ಸ್, ಸ್ಟ್ರ್‌ಟಾಲ್ ಎಂದರೆ ಹೇಗೆ ಎಂಬ ಆಕ್ಷೇಪ ಗಂಭೀರವಾದದ್ದು, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಸ್ಕ್ಯಾನ್‌ಎಫ್ ಅದಕ್ಕಿಂತ ಹಗುರವೇ? ಮೊದಲ ದಿನವೇ ಚಲಕದ ಹಿಂದೆ ಆಂಪರ್ಸ್ಯಾಂಡ್ ಹಾಕಿ ಎನ್ನುತ್ತೇವೆ. ಅದು ವಿಳಾಸ, ಅಂದರೆ ಪಾಯಿಂಟರಿನ ಪಾಠವೇ. ಹೆಸರಿಗೆ ಮಾತ್ರ ಅದನ್ನು ಹಾಕಬೇಡಿ ಎನ್ನುತ್ತೇವೆ; ಅದು ಅರೇಯ ಪಾಠ. ಎರಡನ್ನೂ ವಿವರಿಸದೆ, ಸದ್ಯಕ್ಕೆ ಹೀಗೇ ಬರೆಯಿರಿ ಎಂದು ಮುಂದೆ ಹೋಗುತ್ತೇವೆ. ಸದ್ಯಕ್ಕೆ ಹೀಗೇ ಬರೆಯಿರಿ ಎನ್ನಲೇಬೇಕಾದರೆ, ಸರಿಯಾದದ್ದನ್ನೇ ಬರೆಸಬಹುದಲ್ಲ? ಅಧ್ಯಾಪಕರು ಒಂದು ಸಣ್ಣ ಹೆಡರ್ ಫೈಲನ್ನು ತಾವೇ ಬರೆದು ಲ್ಯಾಬಿನ ಎಲ್ಲ ಯಂತ್ರಗಳಲ್ಲಿ ಇಡಬಹುದು. ಒಂದು ಫಂಕ್ಷನ್ ಸಾಲನ್ನು ಓದಲಿ, ಇನ್ನೊಂದು ಪೂರ್ಣಾಂಕ ಓದಲಿ, ತಪ್ಪು ಬಂದರೆ ತಾನೇ ಮತ್ತೆ ಕೇಳಲಿ. ಮೊದಲ ಆರು ವಾರ ವಿದ್ಯಾರ್ಥಿಗಳು ಅದನ್ನು ಪ್ರಿಂಟ್‌ಎಫ್‌ನಂತೆಯೇ ಒಳಗೆ ಇಣುಕದೆ ಬಳಸಲಿ. ಅರೇ ಮತ್ತು ಪಾಯಿಂಟರ್ ಪಾಠ ಬಂದ ವಾರ ಆ ಫೈಲನ್ನು ತೆರೆದು, ಇಷ್ಟು ದಿನ ನೀವು ಬಳಸಿದ್ದು ಹೀಗೆ ಕೆಲಸ ಮಾಡುತ್ತದೆ ಎಂದು ತೋರಿಸಿದರೆ ಅದಕ್ಕಿಂತ ಒಳ್ಳೆಯ ಪಾಯಿಂಟರ್ ಪಾಠ ಇನ್ನೊಂದಿಲ್ಲ.

ಸಿಲಬಸ್ಸಿನಲ್ಲಿ ಸ್ಕ್ಯಾನ್‌ಎಫ್ ಇದೆ, ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ, ಹೊರಗಿನಿಂದ ಬಂದ ಎಕ್ಸಾಮಿನರ್ ಒಪ್ಪದಿದ್ದರೆ ಅಂಕ ಹೋಗುವುದು ಮಕ್ಕಳದ್ದು ಎಂಬುದು ಮತ್ತೊಂದು ಮಾತು. ಸ್ಕ್ಯಾನ್‌ಎಫ್ ಕಲಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಅದರ ಜೊತೆಗೆ ಅದು ಹಿಂದಿರುಗಿಸುವ ಮೌಲ್ಯವನ್ನು ಪರೀಕ್ಷಿಸುವ ಇಫ್ ಹೇಳಿಕೆಯನ್ನೂ ಪರ್ಸೆಂಟ್ ಎಸ್‌ಗೆ ಅಗಲವನ್ನೂ ಕಲಿಸಿ. ಯಾವ ಎಕ್ಸಾಮಿನರೂ ಅದಕ್ಕೆ ಅಂಕ ಕಡಿಯಲಾರರು. ಸ್ಕ್ಯಾನ್‌ಎಫ್‌ಗೆ ಅದರದೇ ಆದ ಜಾಗ ಇದೆ. ಇನ್ನೊಂದು ಪ್ರೋಗ್ರಾಮ್ ಬರೆದಿಟ್ಟ, ರೂಪ ಖಚಿತವಾಗಿ ಗೊತ್ತಿರುವ ಮಾಹಿತಿಗೆ ಅದು ಚೆನ್ನಾಗಿ ಒದಗುತ್ತದೆ. ಕೋಡಿಂಗ್ ಸ್ಪರ್ಧೆಗಳಲ್ಲಿ ಅದು ನಡೆಯುವುದು ಅಲ್ಲಿನ ಮಾಹಿತಿ ನಿಯಮ ತಪ್ಪುವುದಿಲ್ಲ ಎಂಬ ಭರವಸೆಯ ಮೇಲೆ. ಕೀಲಿಮಣೆಯ ಮುಂದೆ ಕುಳಿತ ಮನುಷ್ಯನಿಂದ ಅಂಥ ಭರವಸೆ ನಿರೀಕ್ಷಿಸಲಾಗದು. ಬ್ರಯಾನ್ ಕರ್ನಿಗನ್ ಮತ್ತು ಸಿ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿ ಬರೆದ, ನಾವೆಲ್ಲ ಪ್ರಮಾಣವೆಂದು ಒಪ್ಪುವ ಪುಸ್ತಕದ 1988ರ ಎರಡನೆಯ ಆವೃತ್ತಿಯೂ ಇದನ್ನೇ ಸೂಚಿಸುತ್ತದೆ: ರೂಪ ಖಚಿತವಿಲ್ಲದ ಮಾಹಿತಿಯಾದರೆ ಒಂದೊಂದೇ ಸಾಲು ಓದಿಕೊಂಡು ಆಮೇಲೆ ಬಿಡಿಸಿಕೊಳ್ಳುವುದು ಒಳಿತು ಎಂಬ ಅಭಿಪ್ರಾಯ ಅಲ್ಲಿ ಸ್ಪಷ್ಟವಾಗಿದೆ.

ಇದು ಸಿ ಭಾಷೆಯೊಂದರ ಹಳೆಯ ರಗಳೆ, ಪೈಥಾನ್ ಕಲಿತರೆ ಮುಗಿಯಿತು ಎನ್ನುವವರಿದ್ದಾರೆ. ಪೈಥಾನ್ ಈ ತೊಂದರೆಯಿಂದ ಪಾರಾಗಿರುವುದು ಹೇಗೆ ಎಂದು ನೋಡಿ: ಅದರ ಇನ್‌ಪುಟ್ ಫಂಕ್ಷನ್ ಯಾವಾಗಲೂ ಇಡೀ ಸಾಲನ್ನೇ ಕೊಡುತ್ತದೆ, ಸಂಖ್ಯೆ ಬೇಕಿದ್ದರೆ ಆಮೇಲೆ ಪರಿವರ್ತಿಸಿಕೊಳ್ಳಬೇಕು. ಜಾವಾದ ಸ್ಕ್ಯಾನರ್ ಹಾಗಲ್ಲ. ಅಲ್ಲಿ ನೆಕ್ಸ್ಟ್‌ಇಂಟ್ ಆದ ಮೇಲೆ ನೆಕ್ಸ್ಟ್‌ಲೈನ್ ಕರೆದರೆ ಖಾಲಿ ಸಾಲು ಸಿಗುತ್ತದೆ. ಸಿ++ನಲ್ಲಿ ಸಿಇನ್ ಮತ್ತು ಗೆಟ್‌ಲೈನ್ ಬೆರೆಸಿದವರಿಗೂ ಅದೇ ಗತಿ. ತುಂಡುತುಂಡಾಗಿ ಓದುವುದನ್ನೂ ಸಾಲಾಗಿ ಓದುವುದನ್ನೂ ಬೆರೆಸಿದಲ್ಲೆಲ್ಲ ಭಾಷೆ ಯಾವುದಾದರೂ ಇದು ತಪ್ಪಿದ್ದಲ್ಲ. ಬೆಂಗಳೂರಿನ ಎಂಬೆಡೆಡ್ ಕಂಪನಿಗಳಲ್ಲಿ ಸಿ ಇಂದಿಗೂ ನಿತ್ಯ ಬಳಕೆಯ ಭಾಷೆ. ಅಲ್ಲಿಗೆ ಹೋಗುವ ನಮ್ಮ ವಿದ್ಯಾರ್ಥಿಗೆ ಒಂದು ದಿನ ಜಿಪಿಎಸ್ ರಿಸೀವರಿನ ಮಾಹಿತಿ ಓದುವ ಕೆಲಸ ಬರಬಹುದು. ಎನ್‌ಎಂಇಎ 0183 ಎಂಬ ವಿಧಿಯಂತೆ ಅದು ಬರುವುದೂ ಸಾಲುಸಾಲಾಗಿಯೇ, ಒಂದೊಂದು ಸಾಲು ಹೆಚ್ಚೆಂದರೆ 82 ಅಕ್ಷರ, ಕೊನೆಯಲ್ಲಿ ಸಾಲು ಮುಗಿದ ಸಂಕೇತ. ಮೊದಲ ಸೆಮಿಸ್ಟರಿನಲ್ಲಿ ಸಾಲನ್ನು ಓದಿ ಪರೀಕ್ಷಿಸುವ ಅಭ್ಯಾಸ ಬಿದ್ದಿದ್ದರೆ ಆ ಕೆಲಸ ಅವನಿಗೆ ಹೊಸದೆನಿಸುವುದಿಲ್ಲ.

ಕೋನಿಯೋ ಹೆಡರಿನ ಗೆಟ್‌ಚ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಮಾನದಂಡದಲ್ಲಿ ಎಂದೂ ಇರಲಿಲ್ಲ, ಪರದೆ ಮುಚ್ಚಿಹೋಗದಂತೆ ತಡೆಯಲು ಅದನ್ನು ಬಳಸುವ ಅಗತ್ಯ ಈಗಿನ ಟರ್ಮಿನಲ್‌ಗಳಲ್ಲಿ ಇಲ್ಲ. 16 ಬಿಟ್ಟಿನ ಟರ್ಬೊ ಸಿಯನ್ನು 64 ಬಿಟ್ಟಿನ ವಿಂಡೋಸಿನಲ್ಲಿ ನಡೆಸಲು ಡಾಸ್‌ಬಾಕ್ಸ್ ಹಾಕಿಕೊಳ್ಳುವ ಶ್ರಮವನ್ನು ಜಿಸಿಸಿ ಹಾಕುವುದಕ್ಕೆ ಬಳಸಿದರೆ ಒಳ್ಳೆಯದು. ಎಫ್‌ಫ್ಲಶ್ ಅನ್ನು ಪೂರ್ತಿ ಮರೆಸುವುದೂ ಬೇಡ. ಪ್ರಶ್ನೆಯನ್ನು ಪ್ರಿಂಟ್ ಮಾಡಿದ ಮೇಲೆ ಎಸ್‌ಟಿಡಿಔಟ್‌ಗೆ ಅದನ್ನು ಬಳಸಿದರೆ, ಓದುವ ಮೊದಲೇ ಪ್ರಶ್ನೆ ಪರದೆಗೆ ಬರುವುದು ಖಚಿತವಾಗುತ್ತದೆ. ಅದರ ನಿಜವಾದ ಕೆಲಸ ಅದೇ.

ಮುಂದಿನ ಸೆಮಿಸ್ಟರ್ ಶುರುವಾಗುವ ಮೊದಲು ನಿಮ್ಮ ವಿಭಾಗದ ಮ್ಯಾನ್ಯುಯಲ್ ತೆರೆದು ಎಫ್‌ಫ್ಲಶ್ ಎಸ್‌ಟಿಡಿಇನ್ ಮತ್ತು ಗೆಟ್ಸ್ ಇರುವ ಪ್ರೋಗ್ರಾಮುಗಳನ್ನು ಗುರುತು ಹಾಕಿ, ತಿದ್ದಿಸಿ. ಪ್ರಾಯೋಗಿಕ ಪರೀಕ್ಷೆಯ ದಿನ ವಿದ್ಯಾರ್ಥಿ ಪ್ರೋಗ್ರಾಮ್ ಓಡಿಸಿ ತೋರಿಸುವಾಗ ವಯಸ್ಸಿನ ಜಾಗದಲ್ಲಿ ಒಂದು ಹೆಸರು ಟೈಪ್ ಮಾಡಿ. ಏನೂ ಟೈಪ್ ಮಾಡದೆ ಬರೀ ಎಂಟರ್ ಒತ್ತಿ. ಹತ್ತು ಸಲ ಒಂಬತ್ತು ಒತ್ತಿ. ಪ್ರೋಗ್ರಾಮ್ ವಿನಯದಿಂದ ಮತ್ತೆ ಕೇಳಿದರೆ ಆ ವಿದ್ಯಾರ್ಥಿಗೆ ಪೂರ್ತಿ ಅಂಕ ಕೊಡಿ.